ತಮ್ಮನಿಗೆ ನೈಜೀರಿಯಾದ ವಾರ್ರಿಯಲ್ಲಿ ಕೆಲಸ ಸಿಕ್ಕಿದೆ, ಕಳಿಸಬಹುದಾ? ಅಲ್ಲಿದ್ದವರು ದಯವಿಟ್ಟು ಹೇಳಿ

ಕೇಳಿದವರು (ಭದ್ರಾವತಿ)

ನನ್ನ ತಮ್ಮ ವೆಲ್ಡಿಂಗ್ ಇನ್‌ಸ್ಪೆಕ್ಟರ್. ನೈಜರ್ ಡೆಲ್ಟಾದ ವಾರ್ರಿ ಹತ್ತಿರ ಎಣ್ಣೆ ಪೈಪ್‌ಲೈನ್ ಕೆಲಸಕ್ಕೆ ಕರೆ ಬಂದಿದೆ. ಸಂಬಳ ಇಲ್ಲಿನ ಮೂರು ಪಟ್ಟು. ಅಲ್ಲಿ ಜನಾಂಗಗಳ ನಡುವೆ ಬಂದೂಕಿನ ಹೊಡೆದಾಟ, ಹೊರಗಿನವರನ್ನು ಎತ್ತಿಕೊಂಡು ಹೋಗುತ್ತಾರೆ, ಮಿಲಿಟರಿ ಬಂದರೆ ಊರನ್ನೇ ಸುಡುತ್ತದೆ ಅಂತ ಯಾರೋ ಹೇಳಿದಾಗಿನಿಂದ ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ. ಏಜೆಂಟ್ ಮಾತ್ರ "ಸೆಕ್ಯುರಿಟಿ ಇರುತ್ತೆ, ಏನೂ ಆಗಲ್ಲ" ಅನ್ನುತ್ತಾನೆ. ಯಾರನ್ನು ನಂಬಬೇಕು?

ವಾರ್ರಿಯಲ್ಲಿ ಎರಡು ವರ್ಷ ಇದ್ದವನು

ಅಕ್ಕಾ, ನಾನು 2002ರ ಕೊನೆಗೆ ಹೋದವನು. ಹೋಗಬೇಡಿ ಅಂತ ಹೇಳುವುದಿಲ್ಲ. ಆದರೆ ಅಲ್ಲಿನ ಜಗಳ ಯಾರದು, ಯಾಕೆ ಅಂತ ತಿಳಿದುಕೊಂಡೇ ಹೋಗಲಿ. ನಾನು ತಿಳಿಯದೆ ಹೋಗಿದ್ದೆ, ಎಲ್ಲ ದರೋಡೆಕೋರರು ಅಂದುಕೊಂಡಿದ್ದೆ.

ವಾರ್ರಿಯಲ್ಲಿ ಮೂರು ಜನಾಂಗ, ಇಜೋ, ಇತ್ಸೆಕಿರಿ, ಉರ್ಹೋಬೋ. ಮೂವರೂ ಇದು ನಮ್ಮ ನೆಲ ಅನ್ನುತ್ತಾರೆ. 1997ರಲ್ಲಿ ಅಲ್ಲಿನ ಒಂದು ಸ್ಥಳೀಯ ಸರ್ಕಾರದ ಕಚೇರಿಯನ್ನು ಇಜೋಗಳ ಒಗ್ಬೆ-ಇಜೋ ಊರಿನಿಂದ ಇತ್ಸೆಕಿರಿಗಳ ಒಗಿಡಿಗ್ಬೆನ್‌ಗೆ ಬದಲಾಯಿಸಿದರು. ನಮ್ಮಲ್ಲಿ ತಾಲೂಕು ಕಚೇರಿ ಪಕ್ಕದ ಊರಿಗೆ ಹೋದರೆ ಬಂದ್ ಮಾಡುತ್ತೇವೆ, ಟೈರ್ ಸುಡುತ್ತೇವೆ. ಅಲ್ಲಿ ಹೆಣಗಳು ಬಿದ್ದವು. ಕಚೇರಿ ಯಾವ ಊರಲ್ಲಿದೆಯೋ ಆ ಊರಿಗೆ ದುಡ್ಡು, ನೌಕರಿ, ಎಣ್ಣೆ ಕಂಪನಿಯ ಕಾಂಟ್ರಾಕ್ಟ್, ಪರಿಹಾರ ಎಲ್ಲ ಹೋಗುತ್ತದೆ ಅಂತ ಜನರಿಗೆ ಗೊತ್ತು. 1956ರಲ್ಲಿ ಒಲೊಯಿಬಿರಿಯಲ್ಲಿ ಎಣ್ಣೆ ಸಿಕ್ಕಾಗಿನಿಂದ ಅದರ ದುಡ್ಡನ್ನು ಬೇರೆಯವರು ತುಂಬಿಕೊಂಡಿದ್ದನ್ನು ನೋಡಿದ ಜನ ಅವರು. ಮನೆ ಹಿಂದೆಯೇ ಎಣ್ಣೆ ಬಾವಿಯ ಗ್ಯಾಸ್ ಹಗಲು ರಾತ್ರಿ ಉರಿಯುತ್ತದೆ, ಮನೆಯೊಳಗೆ ಕರೆಂಟ್ ಇಲ್ಲ. ಇದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

2003ರ ಮಾರ್ಚ್‌ನಲ್ಲಿ ಚುನಾವಣೆ ಹತ್ತಿರ ಬಂತು. ವಾರ್ಡ್‌ಗಳ ಗಡಿ ಹಾಕಿದ್ದು ಸರಿಯಿಲ್ಲ ಅಂತ ಶುರುವಾದ ಗಲಾಟೆ ಕೆಲವೇ ದಿನದಲ್ಲಿ ಯುದ್ಧದ ಹಾಗಾಯಿತು. ನದಿ ಕಾಲುವೆಗಳ ಹಳ್ಳಿಗಳು ಸುಟ್ಟವು. ದೊಡ್ಡ ಕಂಪನಿಗಳು ಜನರನ್ನು ಹೊರಗೆ ತಂದವು, ದಿನಕ್ಕೆ ಸುಮಾರು 8 ಲಕ್ಷ ಬ್ಯಾರಲ್, ಅಂದರೆ ದೇಶದ ಎಣ್ಣೆಯಲ್ಲಿ ಶೇ. 40ರಷ್ಟು ನಿಂತಿತು. ನಮ್ಮ ಕ್ಯಾಂಪಿನಲ್ಲಿ ಅಡುಗೆಯವನು ಇತ್ಸೆಕಿರಿ, ಬೋಟ್ ಓಡಿಸುವವನು ಇಜೋ. ದಿನಾ ಒಂದೇ ಬೆಂಚಿನ ಮೇಲೆ ಕೂತು ಊಟ ಮಾಡುತ್ತಿದ್ದರು. ಆ ವಾರ ಬೋಟಿನವನು ಬರಲಿಲ್ಲ. ಆಮೇಲೆ ಅಡುಗೆಯವನ ಊರು ಸುಟ್ಟಿದೆ ಅಂತ ಸುದ್ದಿ ಬಂತು, ಅವನು ತನ್ನ ಬಟ್ಟೆಯನ್ನೂ ತೆಗೆದುಕೊಳ್ಳದೆ ಹೋದ. ತಿಂಗಳ ನಂತರ ಬೋಟಿನವನು ವಾಪಸ್ ಬಂದು ನನ್ನ ಹತ್ತಿರ ಕೇಳಿದ್ದು ಒಂದೇ, ಅವನು ಎಲ್ಲಿದ್ದಾನೆ, ಹುಡುಗರು ಬದುಕಿದ್ದಾರಾ? ನನಗೆ ಗೊತ್ತಿರಲಿಲ್ಲ.

ಇನ್ನು ಸೆಕ್ಯುರಿಟಿ ವಿಷಯ. ಸೇನೆ, ನೌಕಾಪಡೆ, ಪೊಲೀಸ್ ಸೇರಿಸಿ "ಆಪರೇಷನ್ ರಿಸ್ಟೋರ್ ಹೋಪ್" ಅಂತ ಪಡೆ ಬಂತು. ಊರಲ್ಲಿ ಸ್ವಲ್ಪ ತಣ್ಣಗಾಯಿತು, ನಿಜ. ಆದರೆ ಸೈನಿಕರ ಬೋಟ್ ನಮ್ಮ ಜೊತೆ ಬಂದ ದಿನ ನನಗೆ ಹೆದರಿಕೆ ಜಾಸ್ತಿ. ಗುಂಡು ಬಂದರೆ ಬರುವುದು ಅವರ ಮೇಲೆ, ಪಕ್ಕದಲ್ಲಿ ನಾವು. ಹಳ್ಳಿಯವರೂ ಅವರ ಜೊತೆಗಿದ್ದ ನಮ್ಮನ್ನು ಬೇರೆಯೇ ಕಣ್ಣಿಂದ ನೋಡುತ್ತಿದ್ದರು. ಒಡಿ ಅನ್ನುವ ಊರಿನ ಕಥೆ ಅಲ್ಲಿ ಪ್ರತಿ ಮಗುವಿಗೂ ಗೊತ್ತು. 1999ರ ನವೆಂಬರ್‌ನಲ್ಲಿ ಒಂದು ಗುಂಪು 12 ಪೊಲೀಸರನ್ನು ಕೊಂದಿತು. ಅದಕ್ಕೆ ಸೇನೆ ಬಂದು ಇಡೀ ಊರನ್ನೇ ನೆಲಸಮ ಮಾಡಿತು, ಉಳಿದಿದ್ದು ಬ್ಯಾಂಕ್, ಚರ್ಚ್, ಆರೋಗ್ಯ ಕೇಂದ್ರ ಅಷ್ಟೇ. 2013ರಲ್ಲಿ ಕೋರ್ಟು 3,760 ಕೋಟಿ ನೈರಾ ಪರಿಹಾರ ಕೊಡಿ ಅಂತ ಸರ್ಕಾರಕ್ಕೇ ಹೇಳಿತು. ಕೊಂದವರು ಕೆಲವರು, ಮನೆ ಕಳೆದುಕೊಂಡವರು ಸಾವಿರಾರು ಜನ. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಪೋರ್ಟ್ ಹಾರ್ಕೋರ್ಟ್‌ನಲ್ಲಿ ಸಂಸಾರ ಮಾಡಿದವಳು

ನಮ್ಮ ಮನೆಯವರ ಕೆಲಸಕ್ಕೆ 2006ರಿಂದ 2010ರವರೆಗೆ ಅಲ್ಲಿದ್ದೆ. ಮೆಂಡ್ ಅನ್ನುವ, ಡೆಲ್ಟಾದ ಬಂದೂಕುಧಾರಿಗಳ ಸಂಘಟನೆಯ ಕಾಲ ಅದು. ಹೊರದೇಶದವರ ಅಪಹರಣ ವಾರವಾರವೂ ಕೇಳುತ್ತಿತ್ತು. 2007ರಲ್ಲಿ ಭಾರತದವರನ್ನೂ ಹಿಡಿದುಕೊಂಡು ಹೋದರು, ಅದಾದ ಮೇಲೆ ಮಕ್ಕಳನ್ನು ಕರೆದುಕೊಂಡು ನಾನು ಆರು ತಿಂಗಳು ಮೈಸೂರಿಗೆ ಬಂದುಬಿಟ್ಟೆ.

ಕಲಿತ ವಿಷಯ ಹೇಳುತ್ತೇನೆ. ದಿನಾ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ ಓಡಾಡಬಾರದು. ಕತ್ತಲಾದ ಮೇಲೆ ರಸ್ತೆಯಲ್ಲಿ ಇರಬಾರದು. ಡ್ರೈವರ್ "ಇವತ್ತು ಬೇಡ ಮೇಡಂ" ಅಂದರೆ ವಾದ ಮಾಡಬಾರದು, ಆಫೀಸಿನ ಸೆಕ್ಯುರಿಟಿಯವರಿಗಿಂತ ಮೊದಲು ಅವನಿಗೆ ಗೊತ್ತಿರುತ್ತಿತ್ತು. ಮತ್ತೊಂದು, ಅಪಹರಣ ಆದ ನಮ್ಮವರು ಸಾಮಾನ್ಯವಾಗಿ ವಾಪಸ್ ಬಂದರು. ಅಲ್ಲಿಯವರೇ ಜಾಸ್ತಿ ಸತ್ತರು. 2009ರ ಮೇ ತಿಂಗಳಲ್ಲಿ ವಾರ್ರಿ ಕಡೆ ಗ್ಬರಮಾಟು ಊರುಗಳ ಮೇಲೆ ಸೇನೆ ಹೆಲಿಕಾಪ್ಟರ್, ಗನ್‌ಬೋಟ್ ತಂದು ದಾಳಿ ಮಾಡಿದಾಗ ಸಾವಿರಾರು ಜನ ಕಾಡಿಗೆ, ಜೌಗಿಗೆ ಓಡಿದರು. ನಮ್ಮ ಮನೆಗೆಲಸದ ಹುಡುಗಿಯ ಅಕ್ಕ ಕೈಗೂಸು ಹಿಡಿದುಕೊಂಡು ಮೂರು ದಿನ ಮ್ಯಾಂಗ್ರೋವ್ ಒಳಗೆ ಇದ್ದಳು.

ಜೂನ್‌ನಲ್ಲಿ ಅಧ್ಯಕ್ಷ ಯಾರ್ ಅದುವಾ ಕ್ಷಮಾದಾನ ಘೋಷಿಸಿದರು. ಬಂದೂಕು ಕೊಟ್ಟವರಿಗೆ ತಿಂಗಳಿಗೆ 65,000 ನೈರಾ, ತರಬೇತಿ. ಆಮೇಲೆ ನಿಜವಾಗಿಯೂ ಉಸಿರಾಡುವ ಹಾಗಾಯಿತು. ಆದರೆ ನಮ್ಮ ಹುಡುಗಿ ಕೇಳುತ್ತಿದ್ದಳು, ಬಂದೂಕು ಹಿಡಿದವನಿಗೆ ಸಂಬಳ, ಮನೆ ಸುಟ್ಟುಹೋದವಳಿಗೆ ಏನು ಅಂತ.

ಹೊನ್ನಾವರ ಕಡೆಯವನು, ಹಡಗಿನಲ್ಲಿ ಕೆಲಸ

ನೆಲದ ಮೇಲಿನ ಕೆಲಸ ಆದರೆ ನನ್ನ ಮಾತು ಅಷ್ಟು ಬೇಕಾಗಲಿಕ್ಕಿಲ್ಲ. ಬೋಟಿನಲ್ಲೋ ಬಾರ್ಜಿನಲ್ಲೋ ಹಾಕಿದರೆ ಮಾತ್ರ ಕೇಳಿ. 2019ರ ಡಿಸೆಂಬರ್‌ನಲ್ಲಿ ನೈಜೀರಿಯಾದ ಬೋನಿ ಹತ್ತಿರ ಸಮುದ್ರದಲ್ಲಿ ಒಂದೇ ಟ್ಯಾಂಕರ್‌ನಿಂದ 18 ಭಾರತೀಯರನ್ನು ಎತ್ತಿದ್ದರು. 2020ರಲ್ಲಿ ಇಡೀ ಪ್ರಪಂಚದಲ್ಲಿ ಅಪಹರಣ ಆದ 135 ನಾವಿಕರಲ್ಲಿ 130 ಜನ ನೈಜೀರಿಯಾ ಪಕ್ಕದ ಗಿನಿ ಕೊಲ್ಲಿಯಲ್ಲೇ. ಆಮೇಲೆ ಕಡಿಮೆಯಾಗಿದೆ. ಹಡಗಿನ ಕೆಲಸ ಅಂದರೆ ಏಜೆಂಟ್ ಹತ್ತಿರ ಆರ್‌ಪಿಎಸ್‌ಎಲ್ (ನಾವಿಕರನ್ನು ಕೆಲಸಕ್ಕೆ ಸೇರಿಸುವ) ಲೈಸೆನ್ಸ್ ಇರಲೇಬೇಕು, ನಂಬರ್ ಕೇಳಿ ಭಾರತ ಸರ್ಕಾರದ ಹಡಗು ಇಲಾಖೆ ಡಿಜಿ ಶಿಪ್ಪಿಂಗ್ ವೆಬ್‌ಸೈಟ್‌ನಲ್ಲಿ ನೋಡಿ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಇದೆಲ್ಲ ಹಳೆಯದು, ಈಗ ಶಾಂತವಾಗಿದೆ ಅಂತ ಏಜೆಂಟ್ ಹೇಳುತ್ತಾನೆ. ಸೈಟ್ ಯಾವ ಊರು ಅಂದರೆ "ವಾರ್ರಿ" ಅಷ್ಟೇ ಅನ್ನುತ್ತಾನೆ.

ವಾರ್ರಿಯಲ್ಲಿ ಎರಡು ವರ್ಷ ಇದ್ದವನು

ಅಕ್ಕಾ, ನಮ್ಮ ಕಾಲಕ್ಕಿಂತ ಎಷ್ಟೋ ಮೇಲು, ಅದು ಸತ್ಯ. ಆಗ ಬಂದೂಕು ಹಿಡಿದಿದ್ದ ಟೊಂಪೊಲೊ ಕಡೆಯವರಿಗೇ 2022ರಿಂದ ಪೈಪ್‌ಲೈನ್ ಕಾಯುವ ಕಾಂಟ್ರಾಕ್ಟ್ ಇದೆ. ಆದರೆ ಹಳೆಯದು ಅನ್ನುವುದು ಸುಳ್ಳು. 2024ರ ಮಾರ್ಚ್ 14ರಂದು ವಾರ್ರಿ ಇರುವ ಅದೇ ಡೆಲ್ಟಾ ರಾಜ್ಯದ ಒಕುವಾಮಾದಲ್ಲಿ 17 ಸೈನಿಕರನ್ನು ಕೊಂದರು. ಉರ್ಹೋಬೋ ಊರಿಗೂ ಪಕ್ಕದ ಇಜೋ ಊರಿಗೂ ಜಾಗದ ಜಗಳ, ಅಲ್ಲಿಗೆ ಸೈನಿಕರು ಹೋಗಿದ್ದರು. ಆಮೇಲೆ ಆ ಊರೂ ಸುಟ್ಟುಹೋಯಿತು, ಜನ ದಿಕ್ಕಾಪಾಲಾದರು. ಒಡಿಯ ಕಥೆಯೇ ಅಲ್ವಾ ಇದು, 25 ವರ್ಷದ ನಂತರ?

ವಾರ್ರಿ ಪೇಟೆ ಬೇರೆ, ಬೋಟಿನಲ್ಲಿ ಎರಡು ಗಂಟೆ ಒಳಗೆ ಹೋಗುವ ಜೌಗಿನ ಸೈಟ್ ಬೇರೆ. ಊರಿನ ಹೆಸರು, ಅದು ಯಾರ ಊರು, ಗಲಾಟೆಯಾದರೆ ಯಾರು, ಯಾವುದರಲ್ಲಿ ಹೊರಗೆ ತರುತ್ತಾರೆ, ಇನ್ಶೂರೆನ್ಸ್‌ನಲ್ಲಿ ಅಪಹರಣ ಸೇರಿದೆಯಾ, ಇಷ್ಟನ್ನೂ ಕಾಗದದಲ್ಲಿ ಬರೆಸಿಕೊಳ್ಳಿ. ಅಲ್ಲಿಗೆ ತಲುಪಿದ ವಾರದಲ್ಲೇ ರಾಜಧಾನಿ ಅಬುಜಾದ ನಮ್ಮ ಹೈಕಮಿಷನ್‌ಗೆ ಹೆಸರು ಕೊಡಲಿ. ಊರಿನ ಹೆಸರು ಹೇಳುವವರೆಗೂ ಪಾಸ್‌ಪೋರ್ಟ್ ಏಜೆಂಟ್ ಕೈಗೆ ಕೊಡಬೇಡಿ. ಹೆಸರು ಗೊತ್ತಾದ ದಿನ ಇಲ್ಲಿ ಹಾಕಿ, ಆ ಕಡೆಯ ನೀರಿನ ದಾರಿಗಳು ನನಗೆ ಇನ್ನೂ ನೆನಪಿವೆ.