ಸ್ನೇಕ್ ಪ್ಲಾಂಟ್ ಎಲೆ ಬುಡದಲ್ಲಿ ಮೆತ್ತಗಾಗಿ ಬೀಳುತ್ತಿದೆ, ಉಳಿಸಬಹುದಾ?

ಕಡಲೂರ ಬಾಲ್ಕನಿ (ಜುಲೈ 14)

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ ಒಂದು ಸ್ನೇಕ್ ಪ್ಲಾಂಟ್ ಇದೆ. ಎಲೆಯ ಅಂಚಿಗೆ ಹಳದಿ ಪಟ್ಟಿ ಇರುವ ತಳಿ. ಹೊಸ ಮನೆಗೆ ಅಂತ ಅತ್ತೆ ಕೊಡಿಸಿದ್ದು. ಏಪ್ರಿಲ್‌ನಲ್ಲಿ ಬಿಳಿ ಸೆರಾಮಿಕ್ ಪಾಟಿಗೆ ನೆಟ್ಟೆ, ಆಗ ಏಳು ಎಲೆ ಇದ್ದವು. ಹೋದ ವಾರ ಒಂದು ಎಲೆ ವಾಲಿತು. ಕೋಲು ಕಟ್ಟಿ ನಿಲ್ಲಿಸಿದೆ. ನಿನ್ನೆ ಮುಟ್ಟಿದರೆ ಕೈಗೇ ಬಂತು. ಬುಡ ಕಂದಾಗಿ, ಹಣ್ಣಾಗಿ ಹೋದ ಬಾಳೆಹಣ್ಣಿನ ಹಾಗೆ ಮೆತ್ತಗಿದೆ. ಈಗ ಇನ್ನೊಂದು ಎಲೆಯೂ ವಾಲುತ್ತಿದೆ.

ವಾರಕ್ಕೊಮ್ಮೆ ಒಂದೇ ಲೋಟ ನೀರು ಹಾಕುತ್ತೇನೆ. ಗೊಬ್ಬರ ಸಾಲದೆ ಹೀಗಾಯಿತಾ? ಬಿಸಿಲು ಕಮ್ಮಿಯಾಯಿತಾ?

ಮಣ್ಣಿನ ಕುಂಡ

ಗೊಬ್ಬರ ಬೇಡವೇ ಬೇಡ. ನೀರನ್ನೂ ಇವತ್ತಿನಿಂದಲೇ ನಿಲ್ಲಿಸಿ. ಪಾಟಿನ ತಳದಲ್ಲಿ ತೂತು ಇದೆಯಾ? ನರ್ಸರಿಯಿಂದ ಬಂದ ಮಣ್ಣನ್ನು ಬಿಡಿಸಿ ನೆಟ್ಟಿರಾ, ಹಾಗೆಯೇ ಇಟ್ಟಿರಾ? ಕೈಗೆ ಬಂದ ಎಲೆಯ ಬುಡವನ್ನು ಒಮ್ಮೆ ಮೂಸಿ ನೋಡಿ.

ಕಡಲೂರ ಬಾಲ್ಕನಿ

ಚಿಕ್ಕ ತೂತು ಒಂದಿದೆ, ಕೆಳಗೆ ತಟ್ಟೆ ಇಟ್ಟಿದ್ದೇನೆ. ಬೇರಿಗೆ ಪೆಟ್ಟಾಗಬಾರದು ಅಂತ ಮಣ್ಣು ಬಿಡಿಸಲಿಲ್ಲ. ಹಾಗೆಯೇ ಇಟ್ಟು ಸುತ್ತ ಕೆಂಪು ಮಣ್ಣು ತುಂಬಿದೆ. ವಾಸನೆ ಇದೆ, ಕೊಳೆತ ಈರುಳ್ಳಿ ತರ.

ಮಣ್ಣಿನ ಕುಂಡ

ಹಾಗಾದರೆ ಇದು ಕೊಳೆ. ಗಿಡವನ್ನು ಈಗಲೇ ಪಾಟಿನಿಂದ ತೆಗೆಯಿರಿ, ನಾಳೆಗೆ ಇಡಬೇಡಿ.

ಈ ಗಿಡದ ಬುಡದಲ್ಲಿ ಶುಂಠಿಯಂಥ ಗಡ್ಡೆ ಇರುತ್ತದೆ. ಎಲೆಗಳೆಲ್ಲ ಅದರಿಂದಲೇ ಬರುವುದು. ಮಳೆಗಾಲದಲ್ಲಿ ಗದ್ದೆಯಲ್ಲಿ ನೀರು ನಿಂತರೆ ಶುಂಠಿ ಹೇಗೆ ಕೊಳೆಯುತ್ತದೋ, ಇದೂ ಹಾಗೆಯೇ. ಎಲೆ ಬಿದ್ದಾಗ ನಮಗೆ ಗೊತ್ತಾಗುತ್ತದೆ, ಕೊಳೆ ಅದಕ್ಕೂ ಮೊದಲೇ ಕೆಳಗೆ ಶುರುವಾಗಿರುತ್ತದೆ.

ವಾರಕ್ಕೊಂದು ಲೋಟ ಏಪ್ರಿಲ್‌ನಲ್ಲಿ ನಡೆದಿರಬಹುದು. ಜುಲೈಯಲ್ಲಿ ನಿಮ್ಮೂರಲ್ಲಿ ಒಗೆದ ಬಟ್ಟೆಯೇ ಎರಡು ದಿನ ಒಣಗುವುದಿಲ್ಲ, ಇನ್ನು ಪಾಟಿನ ಮಣ್ಣು ಒಣಗುತ್ತದಾ? ಗಿಡವೂ ಹೆಚ್ಚು ನೀರು ಕುಡಿಯುವುದಿಲ್ಲ. ಬೇರೆ ಗಿಡಗಳು ಹಗಲು ಎಲೆಯ ರಂಧ್ರ ತೆರೆದು ಉಸಿರಾಡುತ್ತವೆ, ಆಗ ನೀರು ಆವಿಯಾಗಿ ಹೋಗುತ್ತದೆ. ಇದು ಹೆಚ್ಚಾಗಿ ರಾತ್ರಿ ತಂಪಿನಲ್ಲಿ ತೆರೆಯುತ್ತದೆ. ಒಣ ಹವೆಗೆ ಒಗ್ಗಿಕೊಂಡ ಪಶ್ಚಿಮ ಆಫ್ರಿಕಾದ ಗಿಡ ಇದು. ನೀರನ್ನು ಎಲೆಯಲ್ಲೂ ಗಡ್ಡೆಯಲ್ಲೂ ಕೂಡಿಟ್ಟುಕೊಂಡಿರುತ್ತದೆ.

ಇದನ್ನು 'ಸಾಯದ ಗಿಡ' ಅನ್ನುತ್ತಾರೆ, ಆದರೆ ಎರಡು ಮೂರು ವಾರ ನೀರು ಹಾಕಲು ಮರೆತರೂ ನಡೆಯುತ್ತದೆ ಅನ್ನುವ ಅರ್ಥದಲ್ಲಿ ಮಾತ್ರ.

ಮಣ್ಣು ಪೂರ್ತಿ ಉದುರಿಸಿ. ನಡುವಿನ ಉಂಡೆಯನ್ನು ಬಿಡಿಸಲೇಬೇಕು, ನನ್ನ ಅನುಮಾನ ಅದರ ಮೇಲೆಯೇ. ಸ್ಪಿರಿಟ್‌ನಲ್ಲಿ ಒರೆಸಿದ ಚಾಕುವಿನಿಂದ ಮೆತ್ತಗಾದದ್ದನ್ನೆಲ್ಲ ಕತ್ತರಿಸಿ. ಒಳಗೆ ಗಟ್ಟಿಯಾಗಿ, ಕಂದು ಕಲೆ ಇಲ್ಲದೆ ಕಾಣುವವರೆಗೂ ಕತ್ತರಿಸಬೇಕು. ಇಲ್ಲಿ ಕರುಣೆ ತೋರಿಸಿದರೆ ಕೊಳೆ ಮತ್ತೆ ಹಬ್ಬುತ್ತದೆ. ಆಮೇಲೆ ನಾಲ್ಕೈದು ದಿನ ಫ್ಯಾನಿನ ಕೆಳಗೆ ಪೇಪರಿನ ಮೇಲೆ ಮಲಗಿಸಿಡಿ. ಮಣ್ಣಿಲ್ಲದೆ ಇದ್ದರೂ ಏನೂ ಆಗುವುದಿಲ್ಲ, ಹೆದರಬೇಡಿ. ಕೆಲವರು ಗಾಯಕ್ಕೆ ಅರಿಶಿನ ಹಚ್ಚುತ್ತಾರೆ. ನಾನು ಹಚ್ಚುವುದಿಲ್ಲ, ಗಾಯ ಚೆನ್ನಾಗಿ ಒಣಗಿದರೆ ಸಾಕು.

ಘಟ್ಟದ ಮೇಲಿಂದ

ನೆಡುವಾಗ ತಳಕ್ಕೆ ಎರಡು ಇಂಚು ಹಂಚಿನ ಚೂರು ಹಾಕಿ, ನೀರು ಬೇಗ ಇಳಿಯುತ್ತದೆ. ನಮ್ಮಜ್ಜಿ ಎಲ್ಲ ಕುಂಡಕ್ಕೂ ಹಾಗೆ ಮಾಡುತ್ತಿದ್ದರು.

ಮಣ್ಣಿನ ಕುಂಡ

ಹಂಚಿನ ಚೂರು ಒಳ್ಳೆಯದೇ, ಆದರೆ ತಳಕ್ಕಲ್ಲ. ಪಾತ್ರೆ ತೊಳೆಯುವ ಸ್ಪಂಜನ್ನು ನೆನೆಸಿ ಕಲ್ಲಿನ ಮೇಲೆ ಇಟ್ಟು ನೋಡಿ. ಸ್ವಲ್ಪ ನೀರು ಸುರಿದು ನಿಲ್ಲುತ್ತದೆ, ಸ್ಪಂಜಿನ ಕೆಳಭಾಗ ಒದ್ದೆಯಾಗಿಯೇ ಇರುತ್ತದೆ. ಮಣ್ಣೂ ಹಾಗೆಯೇ. ತಳಕ್ಕೆ ಚೂರು ತುಂಬಿದರೆ ಆ ಒದ್ದೆ ಪದರ ಎರಡು ಇಂಚು ಮೇಲೆ ಬಂದು ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಅದರ ಬದಲು ಚೂರನ್ನು ಕಡಲೆಕಾಳಿನಷ್ಟು ಪುಡಿ ಮಾಡಿ ಮಣ್ಣಿಗೇ ಬೆರೆಸಿ. ಎರಡು ಪಾಲು ಕೆಂಪು ಮಣ್ಣು, ಎರಡು ಪಾಲು ದಪ್ಪ ಮರಳು ಮತ್ತು ಹಂಚಿನ ಚೂರು, ಒಂದು ಪಾಲು ಎರೆಗೊಬ್ಬರ. ಮಂಗಳೂರಲ್ಲಿ ಹಳೆ ಹಂಚಿಗೆ ಬರ ಇಲ್ಲ ಅಲ್ವಾ?

ಪಾಟ್ ಚಿಕ್ಕದಿರಲಿ, ಸುಟ್ಟ ಮಣ್ಣಿನದೇ ಆಗಿರಲಿ. ಅದು ಗೋಡೆಯಿಂದಲೂ ಒಣಗುತ್ತದೆ.

ಕಡಲೂರ ಬಾಲ್ಕನಿ (ಜುಲೈ 15)

ನಿಮ್ಮ ಅನುಮಾನ ಸರಿ. ಸುತ್ತಲಿನ ಕೆಂಪು ಮಣ್ಣು ಉದುರಿತು. ನಡುವೆ ಮುಷ್ಟಿಯಷ್ಟು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಉಂಡೆ ಹಾಗೆಯೇ ಇತ್ತು, ಅದರ ಸುತ್ತ ಪ್ಲಾಸ್ಟಿಕ್ ಬಲೆ. ಹಿಂಡಿದರೆ ನೀರು ತೊಟ್ಟಿಕ್ಕಿತು! ಒಂಬತ್ತು ದಿನದಿಂದ ನೀರೇ ಹಾಕಿರಲಿಲ್ಲ. ಬಲೆಯೊಳಗಿನ ಬೇರು ಕಪ್ಪಾಗಿ, ಎಳೆದರೆ ಸಿಪ್ಪೆ ಕಳಚಿ ನಡುವಿನ ದಾರ ಮಾತ್ರ ಉಳಿಯಿತು. ಗಡ್ಡೆಯಲ್ಲಿ ಹೆಬ್ಬೆರಳಿನಷ್ಟು ಗಟ್ಟಿ ತುಂಡು ಸಿಕ್ಕಿತು, ಅದಕ್ಕೆ ಎರಡು ಎಲೆ ಇವೆ. ಮಿಕ್ಕ ಎಲೆಗಳ ಮೇಲ್ಭಾಗ ಚೆನ್ನಾಗಿದೆ. ಅವನ್ನು ತುಂಡು ಮಾಡಿ ನೆಟ್ಟರೆ ಬರುತ್ತದಾ?

ಮಣ್ಣಿನ ಕುಂಡ

ಬರುತ್ತದೆ. ಮೂರ್ನಾಲ್ಕು ಇಂಚಿನ ತುಂಡು ಮಾಡಿ, ಒಣಗಿಸಿ, ಒಂದು ಇಂಚು ಆಳಕ್ಕೆ ಊರಿ. ಬುಡದ ಕಡೆ ಕೆಳಗೇ ಇರಬೇಕು, ತಲೆಕೆಳಗಾದರೆ ಬೇರು ಬರುವುದಿಲ್ಲ. ಕತ್ತರಿಸುವಾಗಲೇ ಪೆನ್ನಿನಲ್ಲಿ ಬಾಣದ ಗುರುತು ಹಾಕಿಡಿ.

ಒಂದು ವಿಷಯ ಮೊದಲೇ ಹೇಳುತ್ತೇನೆ, ಆಮೇಲೆ ಬೇಜಾರಾಗಬಾರದು. ಎಲೆ ತುಂಡಿನಿಂದ ಬರುವ ಮರಿಗೆ ಹಳದಿ ಅಂಚು ಇರುವುದಿಲ್ಲ, ಬರೀ ಹಸಿರು. ಈ ತಳಿಯ ಎಲೆಯಲ್ಲಿ ಎರಡು ಬಗೆಯ ಜೀವಕೋಶ ಪಕ್ಕಪಕ್ಕ ಇರುತ್ತವೆ, ತುಂಡಿನಿಂದ ಮರಿ ಹುಟ್ಟುವಾಗ ಆ ಜೋಡಣೆ ಉಳಿಯುವುದಿಲ್ಲ. ಹಳದಿ ಅಂಚು ಬೇಕಾದರೆ ಗಡ್ಡೆಯಿಂದಲೇ ಮರಿ ಬರಬೇಕು. ಹಾಗಾಗಿ ಆ ಹೆಬ್ಬೆರಳಿನಷ್ಟು ತುಂಡನ್ನು ಜೋಪಾನ ಮಾಡಿ. ನೆಟ್ಟ ಮೇಲೆ ಒಂದು ವಾರ ನೀರು ಬೇಡ. ಆಮೇಲೆ ಉರಿದುಳಿದ ಊದುಬತ್ತಿ ಕಡ್ಡಿಯನ್ನು ತಳ ಮುಟ್ಟುವವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿ ತಣ್ಣಗೆ ಒದ್ದೆಯಿದ್ದರೆ ನೀರು ಬೇಡ. ವಾರ ಲೆಕ್ಕ ಹಾಕುವುದನ್ನು ಬಿಟ್ಟುಬಿಡಿ. ಹಾಲ್‌ನ ಮೂಲೆಯಿಂದ ಕಿಟಕಿ ಪಕ್ಕಕ್ಕೂ ತನ್ನಿ.

ಮನೆಯಲ್ಲಿ ಬೆಕ್ಕು, ನಾಯಿ ಇದ್ದರೆ ಕೈಗೆಟುಕದ ಹಾಗಿಡಿ, ಎಲೆ ಜಗಿದರೆ ವಾಂತಿಯಾಗುತ್ತದೆ.

ಕಡಲೂರ ಬಾಲ್ಕನಿ (ಅಕ್ಟೋಬರ್ 2)

ಗಡ್ಡೆಯ ಗಿಡ ಗಟ್ಟಿಯಾಗಿ ನಿಂತಿದೆ, ಅಲ್ಲಾಡಿಸಿದರೆ ಅಲುಗುವುದಿಲ್ಲ. ಜುಲೈಯಿಂದ ಇಲ್ಲಿಯವರೆಗೆ ಮೂರೇ ಸಲ ನೀರು ಹಾಕಿದ್ದೇನೆ. ಆರು ತುಂಡುಗಳಲ್ಲಿ ಎರಡು ಕೊಳೆತವು, ನಾಲ್ಕಕ್ಕೆ ಬೇರು ಬಂದಿದೆ. ಇವತ್ತು ಬೆಳಿಗ್ಗೆ ಗಡ್ಡೆಯ ಪಕ್ಕದಲ್ಲಿ ಮಣ್ಣು ಬಿರಿದು ಒಂದು ಮೊನೆ ಕಾಣಿಸಿತು. ಟಾರ್ಚ್ ಹಾಕಿ ನೋಡಿದೆ, ಅಂಚಿನಲ್ಲಿ ಸಣ್ಣ ಹಳದಿ ಗೆರೆ ಇದೆ. ಫೋಟೋ ತೆಗೆದು ಮೊದಲು ಅತ್ತೆಗೆ ಕಳಿಸಿದೆ.