ತುಮಕೂರಿನಲ್ಲಿ ಕೆಲಸಕ್ಕೆ ಸೈಕಲ್: ನಿಮ್ಮ ಸರಾಸರಿ ಸ್ಪೀಡ್ ಎಷ್ಟು?

ಪ್ರಶ್ನೆ, ಎಸ್.ಎಸ್. ಪುರಂನಿಂದ:

ನಮ್ಮ ಮನೆಯಿಂದ ಹಿರೇಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿರುವ ಫ್ಯಾಕ್ಟರಿಗೆ ಸುಮಾರು 12 ಕಿ.ಮೀ. ಈಚೆಗೆ ಸೈಕಲ್‌ನಲ್ಲಿ ಹೋಗಲು ಶುರು ಮಾಡಿದ್ದೇನೆ. ಮನೆ ಬಾಗಿಲಿಂದ ಗೇಟ್ ತಲುಪಲು 48 ನಿಮಿಷ, ಅಂದರೆ ಗಂಟೆಗೆ 15 ಕಿ.ಮೀ. ಮೊಬೈಲ್ ಆ್ಯಪ್ ಮಾತ್ರ 18 ಅಂತ ತೋರಿಸುತ್ತದೆ. ಜೊತೆಯಲ್ಲಿ ಕೆಲಸ ಮಾಡುವವರು 25 ಆದರೂ ಹೊಡೀಬೇಕು ಅನ್ನುತ್ತಾರೆ. ವಯಸ್ಸು 41, ಗೇರ್ ಸೈಕಲ್. ನನ್ನದು ತೀರಾ ಕಮ್ಮಿನಾ? ಜಾಸ್ತಿ ಮಾಡುವುದು ಹೇಗೆ? ದಿನಾ ಓಡಿಸುವವರು ದಯವಿಟ್ಟು ಹೇಳಿ.

ಬಟವಾಡಿಯಿಂದ:

ಕಮ್ಮಿ ಅಲ್ಲವೇ ಅಲ್ಲ ಸರ್. ಊರೊಳಗಿಂದ ಹೊರಟು ಹೈವೇ ಪಕ್ಕದ ಫ್ಯಾಕ್ಟರಿಗೆ ಹೋಗುವವರಿಗೆ ಬಾಗಿಲಿಂದ ಬಾಗಿಲಿಗೆ 14ರಿಂದ 18 ಬಂದರೆ ಚೆನ್ನಾಗೇ ಇದೆ. ಹಲವು ವರ್ಷಗಳಿಂದ ನಾನೂ ಕ್ಯಾತ್ಸಂದ್ರ ದಾಟಿ ಅದೇ ದಾರಿಯಲ್ಲಿ ಹೋಗುತ್ತೇನೆ. ನನ್ನದು 16–17ರ ಆಸುಪಾಸು. 25 ಅನ್ನುವವರು ಖಾಲಿ ರಸ್ತೆಯಲ್ಲಿ ಮೀಟರ್ ಒಂದು ಗಳಿಗೆ ತೋರಿಸಿದ್ದನ್ನು ಹೇಳುತ್ತಿರಬೇಕು. ಅದು ಸರಾಸರಿ ಅಲ್ಲ.

ನೀವೇ ಕೊಟ್ಟ ಲೆಕ್ಕ ನೋಡಿ. ಆ್ಯಪ್ ತೋರಿಸುವ 18 ಚಕ್ರ ತಿರುಗುತ್ತಿದ್ದಾಗಿನ ಸ್ಪೀಡ್. ನಿಂತ ಹೊತ್ತನ್ನು ಅದು ಬಿಟ್ಟುಬಿಡುತ್ತದೆ. 18ರಲ್ಲಿ 12 ಕಿ.ಮೀ.ಗೆ 40 ನಿಮಿಷ ಸಾಕು. ನಿಮಗೆ ಹಿಡಿಯುವುದು 48. ಮಿಕ್ಕ 8 ನಿಮಿಷ ಸಿಗ್ನಲ್‌ನಲ್ಲಿ, ಬಿ.ಎಚ್. ರಸ್ತೆಯಲ್ಲಿ ಬಸ್ಸಿನ ಹಿಂದೆ, ರಸ್ತೆ ದಾಟಲು ಕಾಯುವುದರಲ್ಲಿ ಹೋಗುತ್ತಿದೆ. ಆ 8 ನಿಮಿಷ ಹಾಗೇ ಇದ್ದು ಸರಾಸರಿ 20 ಆಗಬೇಕಾದರೆ ನೀವು ಒಟ್ಟು 36 ನಿಮಿಷದಲ್ಲಿ ತಲುಪಬೇಕು. ತುಳಿಯಲು ಸಿಗುವುದು 28 ನಿಮಿಷ. ಅಂದರೆ ದಾರಿಯುದ್ದಕ್ಕೂ 25ಕ್ಕಿಂತ ಜಾಸ್ತಿ! ಗಾಳಿಯ ತಡೆ ಸ್ಪೀಡ್ ಏರಿದಂತೆ ಸುಮ್ನೆ ಏರುವುದಿಲ್ಲ. ಸ್ಪೀಡ್ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು, ಅದನ್ನು ಸೀಳಲು ಬೇಕಾದ ಶಕ್ತಿ ಎಂಟು ಪಟ್ಟು. 18ರಿಂದ 25ಕ್ಕೆ ಹೋದರೆ ಗಾಳಿಗೆ ಮಾತ್ರವೇ ಎರಡೂವರೆ ಪಟ್ಟಿಗಿಂತ ಜಾಸ್ತಿ ಶಕ್ತಿ ಬೇಕು. ಶಿಫ್ಟ್ ಶುರುವಾಗುವ ಮುಂಚೆಯೇ ಸುಸ್ತಾಗಿ ಕೂರುತ್ತೀರಿ.

ಇನ್ನೊಂದು ಲೆಕ್ಕವನ್ನು ಸಮಾಧಾನವಾಗಿ ನೋಡಿ. ಮೊದಲ 6 ಕಿ.ಮೀ. 12ರಲ್ಲಿ, ಉಳಿದ 6 ಕಿ.ಮೀ. 24ರಲ್ಲಿ ಹೋದರೆ ಸರಾಸರಿ 18 ಅನ್ನಿಸುತ್ತದೆ, ಅಲ್ವಾ? ಬರುವುದು 16. ನಿಧಾನದ ಅರ್ಧಕ್ಕೆ 30 ನಿಮಿಷ ಹೋಯಿತು, ಜೋರಿನ ಅರ್ಧಕ್ಕೆ ಬರೀ 15. ಸರಾಸರಿಯನ್ನು ಕೆಳಗೆ ಎಳೆಯುವುದು ನಿಧಾನದ ಜಾಗಗಳೇ. ಹೈವೇಯಲ್ಲಿ ಏದುಸಿರು ಬಿಟ್ಟು ಎಷ್ಟು ತುಳಿದರೂ ಊರೊಳಗೆ ಕಳೆದುಕೊಂಡದ್ದು ವಾಪಸ್ ಬರುವುದಿಲ್ಲ.

ಹಾಗಾಗಿ ಕೈ ಹಾಕಬೇಕಾದದ್ದು ಊರೊಳಗಿನ ಭಾಗಕ್ಕೆ. ಶಾಲೆ–ಕಾಲೇಜಿನ ಬಸ್ಸುಗಳು ಬಿ.ಎಚ್. ರಸ್ತೆಗೆ ಇಳಿಯುವ ಮುಂಚೆ ಕಾಲು ಗಂಟೆ ಬೇಗ ಹೊರಡಿ. ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ಸಿಗ್ನಲ್ ಕೆಂಪು ಅಂತ ದೂರದಿಂದ ಕಂಡರೆ ತುಳಿಯುವುದನ್ನು ಬಿಟ್ಟು ತೇಲಿಕೊಂಡು ಹೋಗಿ. ಕಾಲು ಊರದೇ ಹಸಿರಿಗೆ ತಲುಪಿದರೆ ಎಷ್ಟೋ ಶಕ್ತಿ ಉಳಿಯುತ್ತದೆ. ನಿಲ್ಲಲೇಬೇಕಾದರೆ ನಿಲ್ಲುವ ಮುಂಚೆಯೇ ಹಗುರ ಗೇರ್‌ಗೆ ಬನ್ನಿ. ಭಾರದ ಗೇರ್‌ನಲ್ಲಿ ನಿಂತು ಹೊರಡುವಾಗ ಮೊಣಕಾಲು ನೋಯುತ್ತದೆ, ಹಿಂದಿನ ಆಟೋದವರು ಹಾರ್ನ್ ಹೊಡೆದು ಗಾಬರಿ ಬೀಳಿಸುತ್ತಾರೆ. ಸಿದ್ಧಗಂಗಾ ಜಾತ್ರೆಯ ದಿನಗಳಲ್ಲಿ ಮಾತ್ರ ಕ್ಯಾತ್ಸಂದ್ರದ ಹತ್ತಿರ ಯಾವ ಲೆಕ್ಕವೂ ನಡೆಯುವುದಿಲ್ಲ, ಇಳಿದು ತಳ್ಳಿಕೊಂಡೇ ಹೋಗಬೇಕು.

15 ಅಂತ ಬೇಸರ ಬೇಡ. ಬ್ರೆವೆ ಅನ್ನುವ ದೂರದ ಸವಾರಿಗಳಿವೆ, ಬೆಂಗಳೂರಿನಲ್ಲೂ ನಡೆಯುತ್ತವೆ. 200 ಕಿ.ಮೀ. ಮುಗಿಸಲು ಹದಿಮೂರೂವರೆ ಗಂಟೆ ಕೊಡುತ್ತಾರೆ. ಊಟ, ಪಂಕ್ಚರ್ ಎಲ್ಲ ಸೇರಿ ಗಂಟೆಗೆ 15 ಕಿ.ಮೀ. ಕೂಡ ಬೇಕಿಲ್ಲ. 1891ರಲ್ಲಿ ಶುರುವಾದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಈಗ ಸುಮಾರು 1200 ಕಿ.ಮೀ. ಸವಾರಿ, ಗಡುವು 90 ಗಂಟೆ. ಸರಾಸರಿ 13ರ ಮೇಲಿದ್ದರೆ ಸಾಕು. ದೂರ ಹೋಗುವವರು ಜೋರಾಗಿ ಹೋಗುವುದಕ್ಕಿಂತ ಕಮ್ಮಿ ನಿಲ್ಲುವುದನ್ನು ಕಲಿಯುತ್ತಾರೆ.

ಗುಬ್ಬಿ ಗೇಟ್‌ನಿಂದ:

ನನ್ನದು ಹಳೇ ಕಾಲದ ದೊಡ್ಡ ಸೈಕಲ್, ಗೇರ್ ಇಲ್ಲ. ಚೈನ್ ಕೂರುವ ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18. ಪೆಡಲ್ ಒಂದು ಸುತ್ತು ತಿರುಗಿದರೆ ಐದು ಮೀಟರ್‌ಗಿಂತ ಸ್ವಲ್ಪ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ 19 ಕಿ.ಮೀ. ಸ್ಪೀಡ್. ಅದಕ್ಕಿಂತ ಜೋರು ನನಗೆ ಬೇಕಾಗಿಯೂ ಇಲ್ಲ. ಕೆಲಸದ ಜಾಗಕ್ಕೆ ಸರಾಸರಿ 13–14 ಬರುತ್ತದೆ.

ಅಣ್ಣ, ಮೊದಲು ಟೈರ್ ನೋಡಿ. ಎಷ್ಟು ಗಾಳಿ ಹಾಕಬೇಕು ಅಂತ ಟೈರ್ ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ. ಹೆಬ್ಬೆರಳಲ್ಲಿ ಒತ್ತಿ ಗಟ್ಟಿ ಇದೆ ಅಂದುಕೊಳ್ಳುವುದು ಸಾಲದು, ವಾರಕ್ಕೊಮ್ಮೆ ಅಳೆದು ಹಾಕಿಸಿ. ನನ್ನಂಥ ಸೈಕಲ್ ಆದರೆ ವಾಲ್ ಟ್ಯೂಬ್ ಕೂಡ ಬಿಚ್ಚಿ ನೋಡಿ. ಆ ಸಣ್ಣ ರಬ್ಬರ್ ಸೀಳು ಬಿಟ್ಟಿದ್ದರೆ ರಾತ್ರಿ ಹಾಕಿದ ಗಾಳಿ ಬೆಳಗ್ಗೆ ಅರ್ಧಕ್ಕೆ ಇಳಿದಿರುತ್ತದೆ. ಎಂಜಲು ಹಚ್ಚಿದಾಗ ಗುಳ್ಳೆ ಎದ್ದರೆ ಬದಲಾಯಿಸಿ, ಕೆಲವೇ ರೂಪಾಯಿ. ಚೈನ್‌ಗೆ ಕೊಬ್ಬರಿ ಎಣ್ಣೆ ಮಾತ್ರ ಬೇಡ. ನಮ್ಮ ಜಿಲ್ಲೆಯಲ್ಲಿ ಎಲ್ಲರ ಮನೆಯಲ್ಲೂ ಇರುತ್ತದೆ, ಸುಲಭಕ್ಕೆ ಸಿಗುತ್ತದೆ ಅಂತ ಹಾಕಿಬಿಡುತ್ತಾರೆ. 24 ಡಿಗ್ರಿಗಿಂತ ತಣ್ಣಗಾದರೆ ಅದು ಹೆಪ್ಪುಗಟ್ಟಲು ಶುರುವಾಗುತ್ತದೆ. ಧನುರ್ಮಾಸದ ಬೆಳಗ್ಗೆ ಚೈನ್ ಕೊಂಡಿಗಳಲ್ಲಿ ಧೂಳು ಕಲೆತು ಮುದ್ದೆಯಾಗಿರುತ್ತದೆ. ಸೈಕಲ್ ಎಣ್ಣೆಯನ್ನೇ ಹಾಕಿ, ಹತ್ತು ನಿಮಿಷ ಬಿಟ್ಟು ಹೊರಗಿನದನ್ನು ಬಟ್ಟೆಯಲ್ಲಿ ಒರೆಸಿ.

ಶೆಟ್ಟಿಹಳ್ಳಿಯಿಂದ:

ನಾನು ಶಾಲೆಯಲ್ಲಿ ಪಾಠ ಮಾಡುತ್ತೇನೆ. ದಾರಿ 4 ಕಿ.ಮೀ., ಲೇಡೀಸ್ ಸೈಕಲ್, ಸರಾಸರಿ 12. ಬೇಕೆಂದೇ ನಿಧಾನ ಹೋಗುತ್ತೇನೆ. 12ರಲ್ಲಿ 20 ನಿಮಿಷ, 16ರಲ್ಲಿ 15 ನಿಮಿಷ. ಆ ಐದು ನಿಮಿಷ ಉಳಿಸಲು ಹೋದರೆ ಬೆವರಿ, ಮುಖ ತೊಳೆದು, ಆರಿಸಿಕೊಳ್ಳಲು ಹತ್ತು ನಿಮಿಷ ಬೇಕು. ನಿಮ್ಮ ಫ್ಯಾಕ್ಟರಿಯಲ್ಲಿ ಬಟ್ಟೆ ಬದಲಿಸಲು ಜಾಗ ಇದೆಯಾ? ಇಲ್ಲದಿದ್ದರೆ ಕೊನೆಯ ಎರಡು ಕಿ.ಮೀ. ಆರಾಮಾಗಿ ತುಳಿಯಿರಿ. ಬ್ಯಾಗ್ ಬೆನ್ನಿಗೆ ಬೇಡ, ಕ್ಯಾರಿಯರ್‌ಗೆ ಕಟ್ಟಿ. ಬೆನ್ನಿಗೆ ಗಾಳಿ ಆಡಿದರೆ ಬೇಸಿಗೆಯಲ್ಲಿ ತುಂಬಾ ವ್ಯತ್ಯಾಸ ಗೊತ್ತಾಗುತ್ತದೆ.

ಬಟವಾಡಿಯಿಂದ, ಮತ್ತೆ:

ಅಕ್ಕ ಹೇಳಿದ್ದು ಸರಿ, ಬೆವರು ಆರುವ ಹೊತ್ತನ್ನೂ ಪ್ರಯಾಣದ ಲೆಕ್ಕಕ್ಕೆ ಸೇರಿಸಬೇಕು.

ಸರ್, ಇನ್ನೊಂದು ಮಾತು ಬಿಟ್ಟುಹೋಗಿತ್ತು. ಆಷಾಢದ ಗಾಳಿ ನಮ್ಮ ಕಡೆ ಪಶ್ಚಿಮದಿಂದ ಬೀಸುತ್ತದೆ. ಬೆಳಗ್ಗೆ ಹಿರೇಹಳ್ಳಿ ಕಡೆ ಹೋಗುವಾಗ ಬೆನ್ನಿಗಿರುತ್ತದೆ, ಸಂಜೆ ವಾಪಸ್ ಬರುವಾಗ ಎದೆಗೆ ಹೊಡೆಯುತ್ತದೆ. ನೀವು 18ರಲ್ಲಿ ಬರುತ್ತಾ ಎದುರಿಂದ 10 ಕಿ.ಮೀ. ವೇಗದ ಗಾಳಿ ಇದ್ದರೆ ಮೈಗೆ ತಾಕುವುದು 28. ತಡೆ ಎರಡು ಪಟ್ಟಿಗಿಂತ ಜಾಸ್ತಿ. ಆ ತಿಂಗಳುಗಳಲ್ಲಿ ಸಂಜೆಗೆ ಹತ್ತು ನಿಮಿಷ ಹೆಚ್ಚು ಇಟ್ಟುಕೊಳ್ಳಿ, ಹಗುರ ಗೇರ್‌ನಲ್ಲಿ ಬನ್ನಿ, ಸ್ಪೀಡ್ ನೋಡಲೇಬೇಡಿ. ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ರಾಂಗ್ ಸೈಡ್ ಬರುವ ಗಾಡಿಗಳು ತುಂಬಾ, ಕತ್ತಲಾದ ಮೇಲೆ ಮುಂದೆ ಬಿಳಿ ಲೈಟು, ಹಿಂದೆ ಕೆಂಪು ಲೈಟು ಎರಡೂ ಇಲ್ಲದೆ ಹೊರಡಬೇಡಿ. ಈಗಿನ 48 ನಿಮಿಷ 44ಕ್ಕೆ ಇಳಿದರೆ ನಿಮ್ಮ ಸರಾಸರಿ 16 ದಾಟಿರುತ್ತದೆ. ಅದಕ್ಕೆ ಒಂದು ಚೂರೂ ಜೋರಾಗಿ ತುಳಿಯಬೇಕಾಗಿಲ್ಲ, ನಿಲ್ಲುವ 8 ನಿಮಿಷವನ್ನು 4 ಮಾಡಿಕೊಂಡರೆ ಆಯಿತು.