ಪದಚರ್ಚೆ: ಪ್ರೋಬಯಾಟಿಕ್‌ಗೆ ‘ಜೀವಪರ’ ಎನ್ನಬಹುದೇ? ‘ಗಟ್’ ಎಂದರೆ ಹೊಟ್ಟೆಯೋ ಕರುಳೋ?

ಬಳಗದ ಎಲ್ಲರಿಗೂ ನಮಸ್ಕಾರ.

ಆಟಿಸಂ (ಮಾತು, ಇತರರೊಡನೆ ಬೆರೆಯುವ ರೀತಿ ಬೇರೆಯಾಗಿ ಬೆಳೆಯುವ ಸ್ಥಿತಿ) ಇರುವ ಎರಡರಿಂದ ಆರು ವರ್ಷದ ಮಕ್ಕಳಿಗೆ ತರಬೇತಿ ಕೊಡುವ ಕೇಂದ್ರವೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. ಈ ಮಕ್ಕಳ ಹೊಟ್ಟೆಯ ತೊಂದರೆಗಳ ಬಗ್ಗೆ, ಪ್ರೋಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ಇರುವ) ಪುಡಿಗಳ ಬಗ್ಗೆ ಅಪ್ಪ ಅಮ್ಮಂದಿರಿಗೆ ಎರಡು ಪುಟದ ಕರಪತ್ರ ಬರೆಯುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಬಂದು ಕೈ ನಿಂತಿದೆ.

ಮೊದಲು ‘ಗಟ್’, ಹೊಟ್ಟೆ ಕರುಳುಗಳಿಗೆ ಇಂಗ್ಲಿಷಿನಲ್ಲಿರುವ ಒಟ್ಟು ಹೆಸರು. ‘ಜಠರದ ಆರೋಗ್ಯ’ ಎಂದು ಬರೆಯುವವರಿದ್ದಾರೆ. ಜಠರವೆಂದರೆ ತಿಂದದ್ದು ಮೊದಲು ಹೋಗಿ ಸೇರುವ ಚೀಲ. ಅಲ್ಲಿನ ಆಮ್ಲದಲ್ಲಿ ಬ್ಯಾಕ್ಟೀರಿಯಾ ಉಳಿಯುವುದೇ ಕಡಿಮೆ. ಈಗ ಮಾತಿಗೆ ಬಂದಿರುವ ಸೂಕ್ಷ್ಮಜೀವಿಗಳ ದೊಡ್ಡ ಪಾಲು ಇರುವುದು ದೊಡ್ಡ ಕರುಳಿನಲ್ಲಿ. ಹಾಗಾಗಿ ‘ಕರುಳು’ ಎಂದು ಬರೆದೆ. ಕರಡು ಓದುತ್ತಿದ್ದ ಒಬ್ಬ ತಾಯಿ ‘ಕರುಳಿನ ದೋಷ’ ಎಂಬ ಮಾತಿಗೆ ಬಂದು ನಿಂತುಬಿಟ್ಟರು. “ನನ್ನ ಕರುಳೇ ಸರಿಯಿಲ್ಲ ಅಂತಲಾ ಮೇಡಂ?” ಎಂದು ಕೇಳಿದಾಗ ಅವರ ಕಣ್ಣು ತುಂಬಿತ್ತು. ನಮ್ಮಲ್ಲಿ ಮಗು ಕರುಳ ಕುಡಿ, ತಾಯಿಯದು ಹೆತ್ತ ಕರುಳು, ಸಂಕಟ ಕಂಡರೆ ಚುರುಕ್ ಎನ್ನುವುದೂ ಕರುಳೇ. ತಾಯಿಯ ಪ್ರೀತಿ ಸಾಲದ್ದಕ್ಕೇ ಆಟಿಸಂ ಬರುತ್ತದೆಂದು 1950, 60ರ ದಶಕಗಳಲ್ಲಿ ಅಮೆರಿಕದ ತಜ್ಞರೇ ಹೇಳಿ ಎಷ್ಟೋ ತಾಯಂದಿರನ್ನು ನೋಯಿಸಿದ್ದರು. ಆ ಮಾತು ಸುಳ್ಳೆಂದು ಗೊತ್ತಾಗಿ ದಶಕಗಳೇ ಕಳೆದಿವೆ. ಅದನ್ನು ನನ್ನ ಕರಪತ್ರ ಗೊತ್ತಿಲ್ಲದೆ ಮತ್ತೆ ಹೇಳಬಾರದು.

ಅದಕ್ಕೇ ‘ಹೊಟ್ಟೆ’ ಎಂದೇ ಇಟ್ಟುಕೊಳ್ಳೋಣ ಅನ್ನಿಸುತ್ತಿದೆ. ಅಂಗರಚನೆಯ ಲೆಕ್ಕದಲ್ಲಿ ಅದು ಸಡಿಲ ಪದ, ಆದರೆ ಮನೆಯಲ್ಲಿ ಬಳಸುವುದು ಅದನ್ನೇ. ನಮ್ಮಲ್ಲಿಗೆ ಬರುವ ನಾಲ್ಕು ವರ್ಷದ ಹುಡುಗನೊಬ್ಬನಿಗೆ ಇನ್ನೂ ಮಾತು ಬಂದಿಲ್ಲ. ಒಂದು ವಾರ ಅವನು ಮರದ ಬೆಂಚಿನ ಅಂಚಿಗೆ ಹೊಟ್ಟೆ ಒತ್ತಿಕೊಂಡು ಬೋರಲು ಬೀಳುತ್ತಿದ್ದ. ಎಬ್ಬಿಸಲು ಹೋದರೆ ಕಚ್ಚುತ್ತಿದ್ದ. ನಾನು ಪುಸ್ತಕದಲ್ಲಿ ‘ಹಠ’ ಎಂದು ಬರೆದಿದ್ದೆ. ಕರೆದುಕೊಂಡು ಹೋಗಲು ಬಂದ ಅಜ್ಜಿ ನೋಡಿದವರೇ, “ಎರಡಕ್ಕೆ ಹೋಗಿ ಐದು ದಿನ ಆಯ್ತಲ್ಲ, ಹೊಟ್ಟೆ ನೋವು ಕಣಮ್ಮ ಅದು” ಎಂದರು. ಮಕ್ಕಳ ಡಾಕ್ಟರು ಮಲ ಸಡಿಲವಾಗಲು ಔಷಧಿ ಕೊಟ್ಟರು, ಮರುವಾರ ಕಚ್ಚುವುದು ನಿಂತಿತ್ತು. ಆಟಿಸಂ ಇರುವ ಮಕ್ಕಳಲ್ಲಿ ಮಲಬದ್ಧತೆ, ಭೇದಿ, ಹೊಟ್ಟೆನೋವು ಬೇರೆ ಮಕ್ಕಳಿಗಿಂತ ಹೆಚ್ಚು. ಮಾತಿಲ್ಲದ ಮಗು ನೋವನ್ನು ಮೈಯಲ್ಲೇ ಹೇಳುತ್ತದೆ. ಇದನ್ನು ಓದದ ಅಜ್ಜಿಗೆ ಕಂಡದ್ದು, ಓದಿದ ನನಗೆ ಕಾಣಲಿಲ್ಲ. ಆ ‘ಹಠ’ ಎಂಬ ಪದ ಈಗಲೂ ನನ್ನನ್ನು ಚುಚ್ಚುತ್ತದೆ.

ಇನ್ನು ಪ್ರೋಬಯಾಟಿಕ್. ಲ್ಯಾಟಿನ್ನಿನ ‘ಪ್ರೋ’, ಗ್ರೀಕಿನ ‘ಬಯೋಸ್’ ಸೇರಿದ ಪದ, ಬಿಡಿಸಿದರೆ ‘ಜೀವಕ್ಕಾಗಿ’. ಆಂಟಿಬಯಾಟಿಕ್‌ಗೆ ‘ಪ್ರತಿಜೀವಕ’ ಇದೆ, ಹಾಗಾದರೆ ಇದಕ್ಕೆ ‘ಪರಜೀವಕ’ ಎನ್ನೋಣವೆಂದರೆ ಕಿವಿಗೆ ‘ಪರಜೀವಿ’ ಬಂದು ಬಡಿಯುತ್ತದೆ, ಅದು ಇನ್ನೊಬ್ಬರ ಮೈಯಲ್ಲಿ ಬದುಕುವ ಹುಳ. ‘ಪರ’ವನ್ನು ಹಿಂದಕ್ಕೆ ಹಾಕಿ ಜನಪರ, ರೈತಪರದಂತೆ ‘ಜೀವಪರ’ ಮಾಡಿದರೆ ಅರ್ಥ ಅಚ್ಚುಕಟ್ಟು. ಆದರೆ ಆ ಪದವನ್ನು ಸಾಹಿತ್ಯ ವಿಮರ್ಶೆ ಆಗಲೇ ತೆಗೆದುಕೊಂಡಾಗಿದೆ. ‘ಜೀವಪರ ಪುಡಿ, ದಿನಕ್ಕೊಂದು ಪೊಟ್ಟಣ’ ಎಂದರೆ ಯಾರಿಗೂ ತಿಳಿಯದು.

ನನ್ನ ಮನಸ್ಸಿಗೆ ಹತ್ತಿರ ಬಂದದ್ದು ‘ಹೆಪ್ಪು’. ಜೀವಂತ ಬ್ಯಾಕ್ಟೀರಿಯಾವನ್ನು ಚಮಚದಲ್ಲಿ ಅಳೆದು ಹಾಲಿಗೆ ಹಾಕಿ, ರಾತ್ರಿ ಕಳೆಯುವುದರೊಳಗೆ ಮೊಸರು ಮಾಡುವ ಜನರ ಬಾಯಲ್ಲಿರುವ ಪದ. ‘ಕರುಳಿಗೆ ಹೆಪ್ಪು’ ಎಂದು ಬರೆದು ಖುಷಿಪಟ್ಟೆ. ಮಾರನೇ ದಿನ ಸಹೋದ್ಯೋಗಿ, “ರಕ್ತ ಹೆಪ್ಪುಗಟ್ಟಿದ ಹಾಗೆ ಕೇಳುತ್ತೆ, ಹೆದರಿಕೊಳ್ಳುತ್ತಾರೆ” ಎಂದರು. ಅದೂ ನಿಜ. ಇನ್ನೊಂದು ತೊಡಕೂ ಇದೆ. ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು 2001ರಲ್ಲಿ ಕೊಟ್ಟ ವ್ಯಾಖ್ಯೆಯ ಪ್ರಕಾರ, ತಕ್ಕ ಪ್ರಮಾಣದಲ್ಲಿ ಕೊಟ್ಟಾಗ ಆರೋಗ್ಯಕ್ಕೆ ಪ್ರಯೋಜನ ತರುವ ಜೀವಂತ ಸೂಕ್ಷ್ಮಜೀವಿಗಳು ಮಾತ್ರ ಪ್ರೋಬಯಾಟಿಕ್. ಮನೆಯ ಹೆಪ್ಪಿನಲ್ಲಿ ಯಾವ ತಳಿಯ ಬ್ಯಾಕ್ಟೀರಿಯಾ, ಎಷ್ಟು ಎಂಬುದು ಮನೆಯಿಂದ ಮನೆಗೆ ಬೇರೆ. ಮೊಸರನ್ನ ತಿನ್ನುವ ಮಗು ಮೊಸರನ್ನ ತಿನ್ನಲಿ, ಅದು ಒಳ್ಳೆಯ ಊಟ. ಅದನ್ನು ಔಷಧಿಯ ಹೆಸರಿನಿಂದ ಕರೆಯುವುದು ಬೇರೆ ಮಾತು. ಸದ್ಯಕ್ಕೆ ‘ಪ್ರೋಬಯಾಟಿಕ್’ ಎಂದೇ ಇಟ್ಟು, ಪಕ್ಕದಲ್ಲಿ ‘ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪುಡಿ’ ಎಂದು ಬಿಡಿಸಿದ್ದೇನೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು ನಾಮಪದಗಳಲ್ಲ, ‘ಗುಣ’ ಮತ್ತು ‘ಇಂದ’. ‘ಇದರಿಂದ ಗುಣ ಕಾಣುತ್ತದೆ’ ಎಂದರೆ ಒಬ್ಬರಿಗೆ ಸ್ವಲ್ಪ ಹಗುರಾಗುತ್ತದೆ ಎಂದು ಕೇಳಿಸುತ್ತದೆ, ಇನ್ನೊಬ್ಬರಿಗೆ ಆಟಿಸಂ ವಾಸಿಯಾಗುತ್ತದೆ ಎಂದು. ಪ್ರೋಬಯಾಟಿಕ್‌ನಿಂದ ಕೆಲವು ಮಕ್ಕಳಿಗೆ ಹೊಟ್ಟೆಯ ತೊಂದರೆ ಕಡಿಮೆಯಾಗಬಹುದು. ಅದು ಆಟಿಸಂ ಅನ್ನು ವಾಸಿಮಾಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ನಡೆದಿರುವ ಪ್ರಯೋಗಗಳು ಸಣ್ಣವು, ಒಂದೊಂದರಲ್ಲಿ ಒಂದೊಂದು ತಳಿ. ‘ಇಂದ’ವೂ ಹಾಗೆಯೇ ಜಾರುವ ಪ್ರತ್ಯಯ: ಊರಿಂದ ಬಂದ, ಚಾಕುವಿನಿಂದ ಕೊಯ್ದ, ಮಳೆಯಿಂದ ಬೆಳೆ ಹಾಳಾಯಿತು. ‘ಕರುಳಿನ ಬ್ಯಾಕ್ಟೀರಿಯಾ ವ್ಯತ್ಯಾಸದಿಂದ ಆಟಿಸಂ’ ಎಂದು ಬರೆದ ಕೂಡಲೇ ಕಾರಣ ತೀರ್ಮಾನವಾಗಿಬಿಡುತ್ತದೆ. ಆಸ್ಟ್ರೇಲಿಯಾದಲ್ಲಿ 247 ಮಕ್ಕಳ ಮಲ ಪರೀಕ್ಷಿಸಿ 2021ರಲ್ಲಿ ಪ್ರಕಟವಾದ ಅಧ್ಯಯನ ಬೆರಳು ತೋರಿಸಿದ್ದು ಎದುರು ದಿಕ್ಕಿಗೆ: ಆಟಿಸಂ ಇರುವ ಮಗು ಬೆರಳೆಣಿಕೆಯ ತಿನಿಸು ಮಾತ್ರ ತಿನ್ನುತ್ತದೆ, ಅದರಿಂದ ಬ್ಯಾಕ್ಟೀರಿಯಾದ ವೈವಿಧ್ಯ ಕುಗ್ಗುತ್ತದೆ. ಬೆಂಚಿಗೆ ಹೊಟ್ಟೆ ಒತ್ತುತ್ತಿದ್ದ ಹುಡುಗ ತಿನ್ನುವುದು ಬಿಳಿ ಅನ್ನ ಮತ್ತು ರಸ್ಕ್ ಎರಡನ್ನೇ. ಹಾಗಾಗಿ ‘ಕಾರಣ’ ಬಿಟ್ಟು ‘ನಂಟು’ ಎಂದು ಬರೆದಿದ್ದೇನೆ. ‘ಆಟಿಸಂಗೂ ಹೊಟ್ಟೆಗೂ ನಂಟಿದೆ’ ಎಂದಾಗ ನಿಮ್ಮ ಕಿವಿಗೆ ಒಂದು ಇನ್ನೊಂದನ್ನು ಹುಟ್ಟಿಸುತ್ತದೆ ಎಂದು ಕೇಳುತ್ತದೆಯೇ? ದಯವಿಟ್ಟು ಹೇಳಿ.

ಹಾಗೆಯೇ ‘ಮಲಬದ್ಧತೆ’ಗೆ ನಿಮ್ಮ ಕಡೆಯ ಮಾತು ಬೇಕು. ನಮ್ಮ ಪೋಷಕರು ‘ಮೋಷನ್ ಆಗಿಲ್ಲ’, ‘ಎರಡಕ್ಕೆ ಹೋಗಿಲ್ಲ’ ಎನ್ನುತ್ತಾರೆ. ಧಾರವಾಡ, ಕಲಬುರಗಿ, ಮಂಗಳೂರು ಕಡೆಯ ಅಮ್ಮಂದಿರು, ಅಜ್ಜಿಯರು ಪುಟ್ಟ ಮಗುವಿನ ಬಗ್ಗೆ ಹೇಳುವಾಗ ಏನೆನ್ನುತ್ತಾರೆ? ಕರಪತ್ರದ ಮೊದಲ ಸಾಲಿನಲ್ಲಿ ಆ ಮಾತನ್ನೇ ಹಾಕಬೇಕೆಂದಿದ್ದೇನೆ.